ಗಾಡಿ ಗುಡ್ಡದ ಈಚೆಗೇ ನಿಲ್ಲಲಿ

ಮಾನ್ಯ ಸಂಪಾದಕರೇ,

ಕರಾವಳಿ ಪ್ರವಾಸೋದ್ಯಮ ಅಂತ ಯಾರಾದರೂ ಮಾತು ತೆಗೆದರೆ ಸಾಕು, ಮುಂದೆ ಏನು ಬರುತ್ತದೆ ಅಂತ ನಮಗೆಲ್ಲ ಗೊತ್ತು. ರಸ್ತೆ, ಪಾರ್ಕಿಂಗ್, ಇಂಟರ್‌ಲಾಕ್, ಹೈಮಾಸ್ಟ್ ದೀಪ, ಸೆಲ್ಫಿ ಪಾಯಿಂಟ್. ಉತ್ತರ ಕನ್ನಡದಲ್ಲಿ ಗುಡ್ಡಗಳ ಸಂದಿಯಲ್ಲಿ ಉಳಿದುಕೊಂಡಿರುವ ಸಣ್ಣ ಸಣ್ಣ ಕಡಲತೀರಗಳ ಬಗ್ಗೆಯೂ ಇದೇ ಮಾತು. "ಅಲ್ಲಿಗೆ ಹೋಗೋಕೆ ಸರಿಯಾದ ದಾರಿನೇ ಇಲ್ಲ" ಅಂತ ಬಂದವರೂ ಹೇಳುತ್ತಾರೆ, ಊರಿನ ಮುಖಂಡರೂ ಹೇಳುತ್ತಾರೆ. ನನಗೆ ಹೇಳಬೇಕಾದದ್ದು ಇಷ್ಟೇ. ಆ ದಾರಿ ಇಲ್ಲದ್ದಕ್ಕೇ ಆ ತೀರಗಳು ಇಷ್ಟು ದಿನ ಉಳಿದಿವೆ. ಗುಡ್ಡ ಹತ್ತಿ ಇಳಿದು ಹೋಗಬೇಕಾದ ಕಡೆ ಜನ ಹತ್ತಿ ಇಳಿದೇ ಹೋಗಲಿ. ಗಾಡಿ ಗುಡ್ಡದ ಈಚೆಗೇ ನಿಲ್ಲಲಿ.

ನಾನು ಅಂಕೋಲಾ ಕಡೆಯವನು, ಕೆಲಸದ ಕಾರಣಕ್ಕೆ ಹುಬ್ಬಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ಹಾಗಾಗಿ ಶನಿವಾರ ಅರಬೈಲ್ ಘಾಟಿ ಇಳಿಯುವ ಕಾರುಗಳ ಸಾಲಿನಲ್ಲೂ ನಾನಿರುತ್ತೇನೆ, ಆ ಸಾಲನ್ನು ನೋಡಿ ಗೊಣಗುವ ಊರಿನವರ ಜಗಲಿಯಲ್ಲೂ ಕೂತಿರುತ್ತೇನೆ. ಎರಡೂ ಕಡೆಯ ಮಾತು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ತೀಳಮಾತಿ ಕಡಲತೀರವನ್ನೇ ತೆಗೆದುಕೊಳ್ಳಿ. ಕಾರವಾರ ದಾಟಿ, ಕಾಳಿ ನದಿಯ ಸೇತುವೆ ದಾಟಿ, ಸದಾಶಿವಗಡ ಬಿಟ್ಟು ಗೋವಾ ಕಡೆ ಹೋದರೆ ಮಾಜಾಳಿ ಸಿಗುತ್ತದೆ. ನಮ್ಮ ರಾಜ್ಯದ ಕರಾವಳಿಯ ಉತ್ತರದ ತುದಿ ಅದು. ಗಡಿಯಾಚೆ ಗೋವಾದ ಪೊಳೆಂ. ಮಾಜಾಳಿಯ ಮೀನುಗಾರರ ಕೇರಿ ಮುಗಿದಲ್ಲಿ ದಾರಿಯೂ ಮುಗಿಯುತ್ತದೆ. ಆಮೇಲೆ ಕಾಲುದಾರಿ. ಗುಡ್ಡ ಅಂಥಾ ದೊಡ್ಡದೇನಲ್ಲ, ಆರಾಮಾಗಿ ನಡೆದರೂ ಅರ್ಧ ಗಂಟೆಯ ಮಾತು. ಚಳಿಗಾಲ ಮುಗಿಯುವ ಹೊತ್ತಿಗೆ ಹುಲ್ಲೆಲ್ಲ ಒಣಗಿ ಕಂದಾಗಿರುತ್ತದೆ, ಕವಳಿ ಮಟ್ಟಿಯ ಮುಳ್ಳು ಅಂಗಿ ಹಿಡಿಯುತ್ತದೆ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಚಪ್ಪಲಿ ಜಾರುತ್ತದೆ. ನೆತ್ತಿಗೆ ಬಂದು ಉಸಿರು ಬಿಟ್ಟು ತಿರುಗಿ ನೋಡಿದರೆ ಒಂದು ಕಡೆ ಸಹ್ಯಾದ್ರಿ, ಕೆಳಗೆ ಕಾಳಿ ಸಮುದ್ರ ಸೇರುವ ಜಾಗ, ದೇವಬಾಗದ ಗಾಳಿ ಮರಗಳ ಸಾಲು, ನೀರಿನಲ್ಲಿ ಕೂರ್ಮಗಡ, ಇನ್ನೂ ದೂರ ಹಳೇ ದೀಪಸ್ತಂಭ ಇರುವ ದೇವಗಡ ದ್ವೀಪ. ಕರ್ನಾಟಕದಲ್ಲಿ ಘಟ್ಟ ಸಮುದ್ರಕ್ಕೆ ಇಷ್ಟು ಹತ್ತಿರ ಬರುವ ಜಾಗ ಕಾರವಾರದ ಸುತ್ತಮುತ್ತ ಬಿಟ್ಟರೆ ಕಡಿಮೆ.

ಇಳಿದರೆ ಕಪ್ಪು ಮರಳು. ಸುತ್ತಲಿನ ಕರೀ ಬಂಡೆಯನ್ನು ಅಲೆ ಅರೆದು ಅರೆದು ಆದದ್ದು. ನಯವಾದ ಮರಳಲ್ಲ, ಎಳ್ಳು ಹರವಿದ ಹಾಗೆ ಉರುಟು ಉರುಟು ಕಾಳು. ಕಾಲಿಗೆ ಅಂಟುವುದಿಲ್ಲ, ಕೊಡವಿದರೆ ಉದುರುತ್ತದೆ. ಮಧ್ಯಾಹ್ನ ಬರಿಗಾಲಲ್ಲಿ ನಿಂತರೆ ಮಾತ್ರ ಕುಣಿಯಬೇಕಾಗುತ್ತದೆ. ಅಲೆ ಹಿಂದೆ ಸರಿಯುವಾಗ ಆ ಕಾಳುಗಳೆಲ್ಲ ಒಂದಕ್ಕೊಂದು ಉಜ್ಜಿಕೊಂಡು ಸರಸರ ಅನ್ನುತ್ತವೆ. ನಾನು ಹೋದಾಗ ಅಲ್ಲಿ ಅಂಗಡಿ ಇರಲಿಲ್ಲ, ಛತ್ರಿ ಇರಲಿಲ್ಲ, ನಾವೂ ಮೂರು ಜನ ಹುಡುಗರೂ ಬಿಟ್ಟರೆ ಬಂಡೆ ಹತ್ತಿರ ಇಬ್ಬರು ಹೆಂಗಸರು. ಇಳಿತದ ಹೊತ್ತು. ಬಂಡೆಗೆ ಕಚ್ಚಿಕೊಂಡ ಕಲ್ವ ಅನ್ನುವ ಚಿಪ್ಪುಜೀವಿಗಳನ್ನು ಸಣ್ಣ ಕಬ್ಬಿಣದ ಮೊಳೆಯಂಥದ್ದರಿಂದ ಕುಟ್ಟಿ ಬಿಡಿಸುತ್ತಿದ್ದರು. ಮೇಲಿನ ಚಿಪ್ಪು ಒಂದೇ ಏಟಿಗೆ ಹಾರಬೇಕು, ಒಳಗಿನ ಮಾಂಸ ಹರಿಯಬಾರದು, ಅದು ಕೈಚಳಕ. ಒಂದು ಡಬ್ಬಿ ತುಂಬಲು ಎಷ್ಟು ಹೊತ್ತು ಬೇಕು ಅಂತ ಕೇಳಿದೆ. ತಲೆ ಎತ್ತದೆಯೇ ಒಬ್ಬರು "ಭರತಿ ಬರೋ ತನಕ" ಅಂದರು. ಇನ್ನೊಬ್ಬರು ನಮ್ಮ ಮಕ್ಕಳ ಕಡೆ ನೋಡಿ, ಆ ಕಡೆ ಬಂಡೆಗೆ ಬಿಡಬೇಡಿ, ಪಾಚಿ ಇದೆ ಅಂದರು. ನಮಗೆ ಅಲ್ಲಿ ಸಿಕ್ಕ ಸುರಕ್ಷತಾ ವ್ಯವಸ್ಥೆ ಅದೊಂದೇ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಇಲ್ಲಿಗೆ ರಸ್ತೆ ಬಂತು ಅಂತ ಇಟ್ಟುಕೊಳ್ಳಿ. ಏನಾಗುತ್ತದೆ ಅಂತ ಊಹೆ ಮಾಡಬೇಕಾಗಿಲ್ಲ, ಗೋಕರ್ಣಕ್ಕೆ ಹೋಗಿ ನೋಡಿದರೆ ಆಯಿತು. ಊರೆದುರಿನ ದೊಡ್ಡ ತೀರಕ್ಕೆ ಗಾಡಿ ಹತ್ತಿರದವರೆಗೂ ಬರುತ್ತದೆ. ಓಂ ಬೀಚಿಗೆ ಗಾಡಿ ಗುಡ್ಡದ ಮೇಲೆ ನಿಲ್ಲುತ್ತದೆ, ಮೆಟ್ಟಿಲು ಇಳಿಯಬೇಕು. ಅದರಾಚೆಯ ಹಾಫ್ ಮೂನ್, ಪ್ಯಾರಡೈಸ್ ತೀರಗಳಿಗೆ ಬಂಡೆ ಮೇಲಿನ ಕಾಲುದಾರಿ, ಇಲ್ಲವೇ ದೋಣಿ. ಒಂದೇ ಊರು, ಒಂದೇ ಸಮುದ್ರ, ಒಂದೇ ಜನ. ರಜೆಯ ದಿನ ಬೆಳಗ್ಗೆ ಈ ನಾಲ್ಕನ್ನೂ ಒಂದಾದ ಮೇಲೊಂದು ನಡೆದು ನೋಡಿ. ಗಾಡಿ ಎಲ್ಲಿ ನಿಲ್ಲುತ್ತದೋ ಅದರ ಮೇಲೆ ತೀರದ ಗತಿ ನಿಂತಿರುತ್ತದೆ. ನಡೆದು ಹೋಗುವ ಕಡೆ ಕಸವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಟೆಂಟ್ ಹಾಕಿದವರು ಬಿಟ್ಟು ಹೋದ ಬಾಟಲಿ ಅಲ್ಲೂ ಇವೆ, ಒಡೆದ ಗಾಜು ಅಲ್ಲೂ ಇದೆ. ಆದರೆ ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಬೇಕು ಅಂದಾಗ ಯಾರೂ ಗ್ಯಾಸ್ ಸಿಲಿಂಡರ್ ತರುವುದಿಲ್ಲ, ದೊಡ್ಡ ಸ್ಪೀಕರ್ ತರುವುದಿಲ್ಲ, ಎರಡು ಕ್ರೇಟ್ ಬಿಯರ್ ತರುವುದಿಲ್ಲ. ಜೀಪಂತೂ ಬರುವುದೇ ಇಲ್ಲ. ಮರಳಿಗೆ ಜೀಪು ಇಳಿಸಿ, ವಿಡಿಯೋ ಮಾಡಲು ಹೋಗಿ, ಚಕ್ರ ಹೂತು, ಭರತಿ ಬಂದ ಮೇಲೆ ಊರಿನ ಮೀನುಗಾರರನ್ನೇ ಕೈಮುಗಿದು ಕರೆಯುವವರ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಆಗಾಗ ಬರುತ್ತಿರುತ್ತದೆ ಅಲ್ವಾ?

ಮರಳಿನ ಸಂಗತಿ ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಯೋಜನೆ ಮಾಡುವವರು ತೀರವನ್ನು ಒಂದು ಸೈಟಿನಂತೆ ನೋಡುತ್ತಾರೆ, ಅಳತೆ ತೆಗೆದು ನಕ್ಷೆ ಬರೆಯುತ್ತಾರೆ. ತೀರ ಒಂದೇ ಕಡೆ ನಿಲ್ಲುವಂಥದ್ದಲ್ಲ. ಜೂನ್‌ನಲ್ಲಿ ಮಳೆಗಾಲದ ದೊಡ್ಡ ಅಲೆ ಬಂದು ದಡದ ಮರಳನ್ನು ಎಳೆದುಕೊಂಡು ಹೋಗುತ್ತದೆ. ಆಗಸ್ಟ್‌ನಲ್ಲಿ ಹೋದರೆ ಎಷ್ಟೋ ಕಡೆ ಮರಳೇ ಕಾಣುವುದಿಲ್ಲ, ಬಂಡೆ ಎದ್ದಿರುತ್ತದೆ, ತೆಂಗಿನ ಬೇರು ಗಾಳಿಗೆ ನೇತಾಡುತ್ತಿರುತ್ತದೆ. ಆ ಮರಳು ಎಲ್ಲೂ ಕಳೆದುಹೋಗಿರುವುದಿಲ್ಲ. ಸ್ವಲ್ಪ ಆಚೆ ನೀರಿನಡಿಯಲ್ಲಿ ದಿಬ್ಬವಾಗಿ ಕೂತಿರುತ್ತದೆ. ಮಳೆ ನಿಂತು ಕಡಲು ತಣ್ಣಗಾದ ಮೇಲೆ ಸಣ್ಣ ಅಲೆಗಳು ಅದನ್ನೇ ದಿನಾ ಇಷ್ಟಿಷ್ಟು ತಂದು ಹಾಕುತ್ತವೆ. ದೀಪಾವಳಿ ಕಳೆಯುವ ಹೊತ್ತಿಗೆ ತೀರ ಮತ್ತೆ ಅಗಲವಾಗಿರುತ್ತದೆ. ನಮ್ಮ ಅಜ್ಜ ಕಾಲದವರು ದಡಕ್ಕೆ ತಾಗಿ ಮನೆ ಕಟ್ಟುತ್ತಿರಲಿಲ್ಲ, ದೋಣಿ ಇಡುವ ಚಪ್ಪರ ಮಾತ್ರ ಹಾಕುತ್ತಿದ್ದರು, ಅದನ್ನೂ ಮಳೆಗಾಲಕ್ಕೆ ಮುಂಚೆ ಬಿಚ್ಚುತ್ತಿದ್ದರು.

ಈ ಹೋಗಿ ಬರುವ ಮರಳಿನ ಜಾಗದಲ್ಲಿ ನೀವು ಒಂದು ಕಾಂಕ್ರೀಟ್ ಕಟ್ಟೆ ಕಟ್ಟಿದರೆ ಅಲೆ ಅದಕ್ಕೆ ಬಡಿದು ಬುಡದ ಮರಳನ್ನು ಇನ್ನೂ ಜಾಸ್ತಿ ಕೆರೆಯುತ್ತದೆ. ಕಟ್ಟೆ ಬಿರುಕು ಬಿಡುತ್ತದೆ. ಆಗ ಕಡಲ್ಕೊರೆತ ಅಂತ ಕೂಗು ಏಳುತ್ತದೆ. ಲಾರಿಗಟ್ಟಲೆ ಕಲ್ಲು ಬಂದು ಬೀಳುತ್ತದೆ. ಕಲ್ಲಿನ ಗೋಡೆ ಎಲ್ಲಿ ಮುಗಿಯುತ್ತದೋ ಅದರ ಪಕ್ಕದ ಜಾಗದಲ್ಲಿ ಕೊರೆತ ಶುರು. ಮತ್ತೆ ಅಲ್ಲಿಗೆ ಕಲ್ಲು. ಉಳ್ಳಾಲದಿಂದ ಹಿಡಿದು ಉತ್ತರ ಕನ್ನಡದವರೆಗೆ ಈ ಕಥೆ ನೋಡಿ ನೋಡಿ ಸಾಕಾಗಿದೆ. ಮರಳನ್ನು ಹಿಡಿದಿಡುವ ಕೆಲಸವನ್ನು ದಿಬ್ಬದ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿ, ಅದರ ಹಿಂದಿನ ಮುಂಡುಗದ ಮೆಳೆ ಪುಕ್ಕಟೆ ಮಾಡುತ್ತಿವೆ. ಸ್ವಚ್ಛತೆ ಹೆಸರಲ್ಲಿ ಮೊದಲು ಜೆಸಿಬಿ ಬರುವುದೇ ಅವುಗಳ ಮೇಲೆ.

ಬಾವಿಯದ್ದು ಇನ್ನೊಂದು. ತೀರದ ಪಕ್ಕದ ಊರುಗಳಲ್ಲಿ ಅಲೆಯಿಂದ ಕೂಗಳತೆ ದೂರದಲ್ಲೇ ಸಿಹಿನೀರಿನ ಬಾವಿ ಇರುವುದನ್ನು ನೋಡಿ ಬಯಲುಸೀಮೆಯ ಗೆಳೆಯರು ಬೆರಗಾಗುತ್ತಾರೆ. ಮಳೆಗಾಲದಲ್ಲಿ ಮರಳು ಕುಡಿದ ನೀರು ಕೆಳಗಿರುವ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಂತಿರುತ್ತದೆ. ಸಿಹಿನೀರು ಹಗುರ, ಅದಕ್ಕೆ. ಕೊಡದಲ್ಲಿ ಸೇದಿಕೊಂಡರೆ ಮೇ ತಿಂಗಳವರೆಗೂ ಬರುತ್ತದೆ. ಪಂಪು ಹಾಕಿ ದಿನಾ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಹತ್ತು ರೂಮಿನ ರೆಸಾರ್ಟ್ ಒಂದು ಬಂದು, ಅದಕ್ಕೆ ಶವರ್, ಹುಲ್ಲುಹಾಸು, ಈಜುಕೊಳ ಅಂತ ಶುರುವಾದರೆ ಪಕ್ಕದ ಮನೆಯವರ ಬಾವಿ ಏನಾಗಬೇಕು? ಮೇಲಾಗಿ ಆ ರೂಮುಗಳ ಶೌಚಗುಂಡಿಯೂ ಅದೇ ಮರಳಿನಲ್ಲಿ. ಮರಳು ಏನನ್ನೂ ತಡೆಯುವುದಿಲ್ಲ, ಬೇಗ ಬಿಟ್ಟುಕೊಡುತ್ತದೆ. ಎದುರಿಗೇ ಸಮುದ್ರ ಇರುವಾಗ ಈಜುಕೊಳ ಯಾಕೆ ಅನ್ನುವುದು ನನಗೆ ಇವತ್ತಿಗೂ ಅರ್ಥವಾಗದ ಪ್ರಶ್ನೆ, ಬಿಡಿ.

ಗುಡ್ಡ ಕಡಿದು ರಸ್ತೆ ಮಾಡುವುದರ ಬಗ್ಗೆ ನಮ್ಮ ತಾಲ್ಲೂಕಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2024ರ ಜುಲೈ 16ರ ಬೆಳಗ್ಗೆ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಚಹಾ ಅಂಗಡಿ, ಲಾರಿ, ಜನ ಎಲ್ಲವನ್ನೂ ಗಂಗಾವಳಿ ನದಿಗೆ ತಳ್ಳಿತು. ಕೇರಳದ ಲಾರಿ ಚಾಲಕನ ಶವ ಸಿಗಲು ಸೆಪ್ಟೆಂಬರ್ ಬರಬೇಕಾಯಿತು. ನಮ್ಮ ಕರಾವಳಿಯ ಎಷ್ಟೋ ಗುಡ್ಡಗಳ ಒಳಗು ಒಂದೇ ರೀತಿ. ಮೇಲೆ ಗಟ್ಟಿ ಚಿರೆಕಲ್ಲು, ಅಡಿಯಲ್ಲಿ ಮೆತ್ತನೆಯ ಶೇಡಿ ಮಣ್ಣು. ಮೇಲಿನದು ಗಟ್ಟಿ ಅಂತ ನಂಬಿ ಬುಡ ಕಡಿದರೆ ಅಡಿಯ ಮಣ್ಣು ನೀರು ಕುಡಿದು ಜಾರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಜಾಗ ಇದು. ಹೆದ್ದಾರಿ ಬೇಕೇ ಬೇಕು ಅನ್ನುವುದಕ್ಕೆ ಒಂದು ಅರ್ಥವಿದೆ, ಇಡೀ ಕರಾವಳಿ ಅದರ ಮೇಲೆ ಓಡಾಡುತ್ತದೆ. ಒಂದು ಸಣ್ಣ ತೀರಕ್ಕೆ ನಾಲ್ಕು ಕಾರು ಇಳಿಸಲು ಗುಡ್ಡದ ಮೈ ಸೀಳುವುದಕ್ಕೆ ಏನು ಅರ್ಥ?

ದೀಪದ ವಿಷಯ. ಕಡಲಾಮೆ ಬರುವ ತೀರಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಹೊನ್ನಾವರದ ಕಾಸರಕೋಡ ಟೊಂಕದ ಹೆಸರು ಎಲ್ಲರಿಗೂ ಗೊತ್ತು. ಆಲಿವ್ ರಿಡ್ಲೆ ಆಮೆ ಚಳಿಗಾಲದ ರಾತ್ರಿ ದಡಕ್ಕೆ ಬಂದು, ಹಿಂಗಾಲಲ್ಲಿ ಮೊಳದುದ್ದದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮರಳು ಮುಚ್ಚಿ ಹೋಗುತ್ತದೆ. 45ರಿಂದ 60 ದಿನಕ್ಕೆ ಮರಿಗಳು ಹೊರಬರುತ್ತವೆ. ಊರಿನವರೂ ಅರಣ್ಯ ಇಲಾಖೆಯವರೂ ಸೇರಿ ಗೂಡಿನ ಸುತ್ತ ಬಲೆ ಕಟ್ಟಿ ನಾಯಿ ಬಾರದಂತೆ ಕಾಯುತ್ತಾರೆ. ಮರಿ ಹೊರಬಂದಾಗ ಬೆಳಕು ಎಲ್ಲಿ ಜಾಸ್ತಿ ಇದೆಯೋ ಆ ಕಡೆ ಓಡುತ್ತದೆ. ದೀಪವಿಲ್ಲದ ತೀರದಲ್ಲಿ ಆ ಬೆಳಕು ಸಮುದ್ರದ್ದು. ಹೈಮಾಸ್ಟ್ ಹಾಕಿದ ತೀರದಲ್ಲಿ ಅದು ಪಾರ್ಕಿಂಗ್‌ದು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಅಂದರೆ ಹುಲಿ ಇರುವ ಪಟ್ಟಿಯಲ್ಲೇ, ಈ ಆಮೆಯೂ ಇದೆ. ಹುಲಿ ಮರಿ ಹಾಕಿದ ಕಡೆ ಯಾರಾದರೂ ಹೈಮಾಸ್ಟ್ ನಿಲ್ಲಿಸುತ್ತಾರಾ?

ಕಾನೂನೇ ಕಾಯುತ್ತದೆ ಅನ್ನುವವರಿಗೆ ಒಂದು ಮಾತು. ಸಿಆರ್‌ಝಡ್ ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ, ಹೌದು. ಆದರೆ 2011ರ ನಿಯಮದಲ್ಲಿ ಹಳ್ಳಿಗಾಡಿನ ತೀರಕ್ಕೆ ಉಬ್ಬರದ ಗೆರೆಯಿಂದ 200 ಮೀಟರ್ ಬಿಡಬೇಕು ಅಂತಿದ್ದದ್ದು 2019ರಲ್ಲಿ ಸಡಿಲವಾಯಿತು. ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಲ್ಲಿ 50 ಮೀಟರ್ ಬಿಟ್ಟರೆ ಸಾಕು ಅಂತಾಯಿತು. ತಾತ್ಕಾಲಿಕ ಅನ್ನುವ ಹೆಸರಲ್ಲಿ ತೀರದ ಮೇಲೇ ಶೆಡ್ ಹಾಕಲೂ ದಾರಿ ಇದೆ. ತಾತ್ಕಾಲಿಕ ಅಂತ ನಿಂತದ್ದು ನಮ್ಮಲ್ಲಿ ಎಷ್ಟು ವರ್ಷ ನಿಲ್ಲುತ್ತದೆ ಅಂತ ನಾನು ಹೇಳಬೇಕಾ?

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು, ವಯಸ್ಸಾದವರು, ಕಾಲು ನಡೆಯದವರು ಏನು ಮಾಡಬೇಕು? ಅವರಿಗೂ ಕಡಲು ಬೇಡವಾ? ಇದು ನ್ಯಾಯವಾದ ಪ್ರಶ್ನೆ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನನ್ನ ತಾಯಿಗೇ ಮಂಡಿ ನೋವು, ಮಾಜಾಳಿಯ ಗುಡ್ಡ ಹತ್ತುವುದು ಅವರಿಂದ ಆಗುವುದಿಲ್ಲ. ಅವರನ್ನು ನಾನು ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಕರೆದೊಯ್ಯುತ್ತೇನೆ, ಹೆದ್ದಾರಿ ಪಕ್ಕದಲ್ಲೇ ಇದೆ. ಮುರುಡೇಶ್ವರ ಇದೆ. 2020ರಲ್ಲಿ ಸ್ವಚ್ಛ ತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕ ಕಾಸರಕೋಡ ಇದೆ, ಉಡುಪಿ ಕಡೆ ಅದೇ ವರ್ಷ ಸಿಕ್ಕ ಪಡುಬಿದ್ರಿ ಇದೆ. ಗಾಲಿಕುರ್ಚಿ ಮರಳಿನವರೆಗೆ ಹೋಗಬೇಕು, ಬಟ್ಟೆ ಬದಲಿಸಲು ಕೋಣೆ ಬೇಕು, ಸ್ವಚ್ಛ ಶೌಚಾಲಯ ಬೇಕು ಅನ್ನುವ ಖರ್ಚನ್ನೆಲ್ಲ ಈಗಾಗಲೇ ದಾರಿ ಇರುವ ಈ ದೊಡ್ಡ ತೀರಗಳಲ್ಲಿ ಮಾಡಿ, ಚೆನ್ನಾಗಿ ಮಾಡಿ. ಮುನ್ನೂರು ಕಿಲೋಮೀಟರಿಗೂ ಮೀರಿದ ಕರಾವಳಿಯಲ್ಲಿ ಅಂಥ ತೀರಗಳಿಗೆ ಬರವಿಲ್ಲ. ಅಲ್ಲಿರುವ ಇಳಿಜಾರು ದಾರಿಗಳು ಎಷ್ಟು ಕಡೆ ನಿಜವಾಗಿ ಗಾಲಿಕುರ್ಚಿಗೆ ಆಗುತ್ತವೆ ಅಂತ ಮೊದಲು ನೋಡಿದರೆ ಒಳ್ಳೆಯದು.

ಎರಡನೆಯದು, ಊರಿನವರ ಹೊಟ್ಟೆಪಾಡು. ಇದಕ್ಕೂ ಉತ್ತರ ಹುಡುಕಬೇಕು. ಮೀನು ಕಡಿಮೆಯಾಗಿದೆ, ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟುಗಳ ಎದುರು ದಡದಿಂದ ಕೈರಂಪಣಿ ಬಲೆ ಎಳೆಯುವವರಿಗೆ ಸಿಗುವುದು ಅಷ್ಟಕ್ಕಷ್ಟೇ, ಜೂನ್ ಒಂದರಿಂದ ಜುಲೈ ಕೊನೆವರೆಗೆ ಯಾಂತ್ರಿಕ ಬೋಟುಗಳೂ ದಡ ಸೇರುತ್ತವೆ. ಸೀಬರ್ಡ್ ನೌಕಾನೆಲೆಗೆ ಕಾರವಾರ ಅಂಕೋಲಾ ನಡುವಿನ ಊರುಗಳು, ತೀರಗಳು ಹೋದವು. ಅಂಕೋಲಾದ ಕೇಣಿಯಲ್ಲಿ ಬಂದರು ಬೇಡ ಅಂತ ಜನ ಬೀದಿಗಿಳಿದದ್ದು ಮೊನ್ನೆ ಮೊನ್ನೆ, ಅದು ಬೇರೆಯೇ ದೊಡ್ಡ ಪತ್ರವಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಪ್ರವಾಸಿಗರ ನಾಲ್ಕು ಕಾಸು ಬೇಡ ಅಂತ ಯಾರಿಗೂ ಹೇಳುವ ಹಕ್ಕು ನನಗಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ರಸ್ತೆ ಮರಳಿನವರೆಗೆ ಹೋದರೆ ಮೊದಲು ಏರುವುದು ಜಾಗದ ಬೆಲೆ. ಆಮೇಲೆ ಬರುವುದು ಹೊರಗಿನ ದುಡ್ಡು. ಜಾಗ ಮಾರಿದವನ ಮಗ ಅದೇ ಜಾಗದಲ್ಲಿ ಸಮವಸ್ತ್ರ ಹಾಕಿಕೊಂಡು ಗೇಟು ತೆಗೆಯುತ್ತಾನೆ. ಗಾಡಿ ಕೇರಿಯ ಕೊನೆಯಲ್ಲೇ ನಿಂತರೆ ಪಾರ್ಕಿಂಗ್ ಹಣ ಪಂಚಾಯ್ತಿಗೆ, ಚಹಾ ಕೇರಿಯ ಅಂಗಡಿಯಲ್ಲಿ, ಮೀನೂಟ ಯಾರದೋ ಮನೆಯ ಹಿಂದಿನ ಚಪ್ಪರದಲ್ಲಿ, ದೋಣಿಯಲ್ಲಿ ಒಂದು ಸುತ್ತು ಹಾಕಿಸುವವನೂ ಊರಿನವನೇ. ನಡೆದು ಬಂದವನಿಗೆ ಹಸಿವೂ ಜಾಸ್ತಿ! ಬಂಗಡೆ ಫ್ರೈ ಎರಡು ಹೆಚ್ಚೇ ಹೋಗುತ್ತದೆ.

ಒಂದು ಸ್ಪಷ್ಟ ಮಾಡಿಬಿಡುತ್ತೇನೆ, ಇಲ್ಲದಿದ್ದರೆ ಊರಿಗೆ ಹೋದಾಗ ಬೈಸಿಕೊಳ್ಳುತ್ತೇನೆ. ಜನ ವಾಸ ಇರುವ ಕೊನೆಯ ಮನೆವರೆಗೂ ಒಳ್ಳೆ ರಸ್ತೆ ಬೇಕು. ಆಂಬುಲೆನ್ಸ್ ಬರಬೇಕು, ಮಂಜುಗಡ್ಡೆ ಗಾಡಿ ಬರಬೇಕು, ಶಾಲೆ ಬಸ್ಸು ಬರಬೇಕು. ಅದರಲ್ಲಿ ಚೌಕಾಸಿ ಇಲ್ಲ. ನಾನು ಬೇಡ ಅನ್ನುತ್ತಿರುವುದು ಆ ಕೊನೆಯ ಮನೆ ದಾಟಿ, ಯಾರೂ ವಾಸ ಇಲ್ಲದ ಗುಡ್ಡ ಸುತ್ತಿಕೊಂಡು ಮರಳಿಗೆ ಇಳಿಯುವ ರಸ್ತೆಯನ್ನು ಮಾತ್ರ.

ಮೂರನೆಯದು ಸುರಕ್ಷತೆ, ಮತ್ತು ಇಲ್ಲಿ ನಾನು ಸರ್ಕಾರದ ದುಡ್ಡು ಬೇಡ ಅನ್ನುವವನಲ್ಲ, ಜಾಸ್ತಿ ಬೇಕು ಅನ್ನುವವನು. ನಿರ್ಜನ ತೀರ ಅಂದರೆ ಅಪಾಯ ಇಲ್ಲದ ತೀರ ಅಂತ ಬಹಳ ಜನ ತಿಳಿಯುತ್ತಾರೆ. ರಸ್ತೆ, ದೀಪ ಇದ್ದರೆ ಸುರಕ್ಷಿತ ಅಂತ ಇನ್ನು ಕೆಲವರು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ತೀರಿಕೊಂಡದ್ದು ಮುರುಡೇಶ್ವರದಲ್ಲಿ. ರಸ್ತೆ, ಅಂಗಡಿ, ಜನ ಎಲ್ಲ ಇರುವ ತೀರ ಅದು. ಬಯಲುಸೀಮೆಯಿಂದ ಬರುವ ಮಕ್ಕಳಲ್ಲಿ ಎಷ್ಟೋ ಜನ ಸಮುದ್ರ ನೋಡುವುದೇ ಮೊದಲ ಸಲ. ಕೆರೆಯಲ್ಲಿ ಈಜಿದವರಿಗೆ ಕಡಲಿನ ಸೆಳವು ಗೊತ್ತಿರುವುದಿಲ್ಲ.

ಆ ಸೆಳವು ಹೇಗಿರುತ್ತದೆ ಅಂತ ನಿಮ್ಮ ಓದುಗರಿಗೆ ಎರಡು ಮಾತು ಹೇಳಲು ಜಾಗ ಕೊಡಿ. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಿಂದಲಾದರೂ ವಾಪಸ್ ಹೋಗಲೇಬೇಕಲ್ಲ. ನೀರಿನಡಿಯ ಮರಳ ದಿಬ್ಬದಲ್ಲಿ ಎಲ್ಲಿ ಕಂಡಿ ಇದೆಯೋ ಅಲ್ಲಿಂದ ಅದು ಜೋರಾಗಿ ಹೊರಗೆ ಹರಿಯುತ್ತದೆ. ಬಂಡೆಯ ಪಕ್ಕದಲ್ಲೂ ಹಾಗೆಯೇ. ಮೋಸ ಏನೆಂದರೆ ಆ ಕಂಡಿಯ ಮೇಲೆ ಅಲೆ ಒಡೆಯುವುದಿಲ್ಲ. ಅಕ್ಕಪಕ್ಕ ಬಿಳಿ ನೊರೆ, ಅಲ್ಲಿ ಮಾತ್ರ ಶಾಂತ, ನೀರಿನ ಬಣ್ಣ ಒಂಚೂರು ಕದಡಿದ ಹಾಗೆ. ಹೆದರುವವರು, ಮಕ್ಕಳಿರುವವರು ಅಲೆ ಕಡಿಮೆ ಇದೆ ಅಂತ ಆ ಜಾಗವನ್ನೇ ಆರಿಸಿಕೊಂಡು ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆ ನೇರ ಈಜಲು ಹೋಗಿ ಸುಸ್ತಾಗುತ್ತಾರೆ. ಎದುರಿಸಬಾರದು. ತೇಲಿಕೊಂಡು, ದಡದ ಉದ್ದಕ್ಕೆ ಪಕ್ಕಕ್ಕೆ ಸರಿಯಬೇಕು. ಸೆಳವು ಅಗಲವಿರುವುದಿಲ್ಲ, ಅದರಿಂದ ಹೊರಬಿದ್ದರೆ ಅಲೆಗಳೇ ಈಚೆ ತರುತ್ತವೆ. ಈಜು ಬಾರದವರು ಮೊಣಕಾಲು ಮೀರಿ ಇಳಿಯಲೇಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈಜು ಬರುವವರೂ ಇಳಿಯಬಾರದು. ಊರಿನ ಮೀನುಗಾರರೇ ಇಳಿಯದ ಕಡಲಿಗೆ ಸಾಫ್ಟ್‌ವೇರ್ ಹುಡುಗರು ಇಳಿಯುವುದನ್ನು ನೋಡಿದ್ದೇನೆ, ಕೂಗಿದರೆ ಕೈ ಬೀಸುತ್ತಾರೆ.

ತೀಳಮಾತಿಯಲ್ಲಿ ನನ್ನ ಮಕ್ಕಳನ್ನು ತಡೆದದ್ದು ಕಲ್ವ ಕುಟ್ಟುವ ಹೆಂಗಸು. ಅವರು ಅಲ್ಲಿ ಇದ್ದದ್ದು ಇಳಿತ ಇತ್ತು ಅಂತ. ಪ್ರವಾಸಿಗರ ಜೀವ ಕಾಯುವ ಕೆಲಸವನ್ನು ಹೀಗೆ ಪುಕ್ಕಟೆಯಾಗಿ ಊರಿನವರ ಮೇಲೆ ಹಾಕುವುದು ಯಾವ ನ್ಯಾಯ? ರಸ್ತೆಗೆ ಕೋಟಿಗಟ್ಟಲೆ ಎತ್ತಿಡುವವರು ಅದೇ ಕೇರಿಯ ಈಜು ಬಲ್ಲ ಹುಡುಗರಿಗೆ ತರಬೇತಿ ಕೊಟ್ಟು, ವರ್ಷಪೂರ್ತಿ ಸಂಬಳ ಕೊಟ್ಟು, ಜೀವರಕ್ಷಕರಾಗಿ ನಿಲ್ಲಿಸಲಿ. ಸೀಸನ್‌ಗೆ ಮಾತ್ರ ತೆಗೆದುಕೊಂಡು, ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಸಿಕೊಂಡರೆ ಯಾರೂ ನಿಲ್ಲುವುದಿಲ್ಲ. ಒಂದು ರಿಂಗ್‌ಬಾಯ್ ಅನ್ನುವ ತೇಲುವ ಬಳೆ, ಹಗ್ಗ, ಸೀಟಿ, ಒಂದು ವೈರ್‌ಲೆಸ್ ಸೆಟ್ಟು. ಗುಡ್ಡದ ಆ ಕಡೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಗಾಯವಾದವರನ್ನು ದೋಣಿಯಲ್ಲೇ ಮಾಜಾಳಿ ದಡಕ್ಕೆ ತರಬಹುದು, ಅದಕ್ಕೆ ಊರಿನ ಒಂದು ದೋಣಿಯವರ ಜೊತೆ ಮೊದಲೇ ಮಾತಾಡಿ ಇಟ್ಟಿರಬೇಕು. ಆ ಮಟ್ಟಿಗೆ ರಸ್ತೆಗಿಂತ ನೀರಿನ ದಾರಿಯೇ ಬೇಗ.

ಶೌಚಾಲಯ ಗಾಡಿ ನಿಲ್ಲುವ ಕಡೆ ಇರಲಿ, ನೀರು ಬರುವ ಹಾಗಿರಲಿ. ಉದ್ಘಾಟನೆಯಾದ ಮರುವಾರ ಬೀಗ ಬೀಳುವ ಶೌಚಾಲಯ ಬೇಡ. ಹೆಂಗಸರು ಮಕ್ಕಳು ಇಡೀ ದಿನ ನೀರು ಕುಡಿಯದೆ ಕೂತಿರುವುದನ್ನು ಎಲ್ಲ ತೀರದಲ್ಲೂ ನೋಡಬಹುದು, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಕಸದ ಬುಟ್ಟಿಯನ್ನು ಮಾತ್ರ ದಯವಿಟ್ಟು ಮರಳಿನ ಮೇಲೆ ಇಡಬೇಡಿ. ಅದನ್ನು ಖಾಲಿ ಮಾಡಲು ಯಾರೂ ಗುಡ್ಡ ಹತ್ತಿ ಬರುವುದಿಲ್ಲ, ನಾಯಿ ಮತ್ತು ಕಾಗೆ ಎಳೆದಾಡಿ ಹರಡುತ್ತವೆ. ಹೋಗುವಾಗ ಪ್ರತಿ ಗುಂಪಿನಿಂದ ಒಂದಿಷ್ಟು ಠೇವಣಿ ತೆಗೆದುಕೊಂಡು, ಬಾಟಲಿ ವಾಪಸ್ ತಂದರೆ ಹಣ ಹಿಂದಿರುಗಿಸುವ ಪದ್ಧತಿ ಮಾಡಬಹುದು. ಕೇರಿಯ ಮಹಿಳಾ ಸಂಘಕ್ಕೇ ಇದನ್ನು ವಹಿಸಬಹುದು. ಹಾಗಂತ ಕಸವೆಲ್ಲ ಪ್ರವಾಸಿಗರದ್ದೇ ಅಂತಲೂ ಇಲ್ಲ. ಮಳೆಗಾಲ ಮುಗಿದ ಮೇಲೆ ದಡದಲ್ಲಿ ಬಿದ್ದಿರುವ ಒಂಟಿ ಚಪ್ಪಲಿ, ಹರಿದ ಬಲೆ, ಥರ್ಮೋಕೋಲ್, ಬಲ್ಬುಗಳ ಸಾಲು ಹೊಳೆಗಳಿಂದ, ಹಡಗುಗಳಿಂದ, ನಮ್ಮ ಬೋಟುಗಳಿಂದಲೇ ಬಂದದ್ದು. ಅಕ್ಟೋಬರ್‌ನಲ್ಲಿ ಒಮ್ಮೆ ಅದನ್ನು ಎತ್ತಿಸಲು ಪಂಚಾಯ್ತಿಗೆ ಹಣ ಬೇಕು.

ಕೊನೆಗೆ ಒಂದು ಕೋರಿಕೆ, ಇದು ಜಿಲ್ಲಾಡಳಿತಕ್ಕೆ. ಮಾಜಾಳಿಯಿರಲಿ, ಗೋಕರ್ಣದ ಆಚೆಯ ಬೇಲೆಕಾನ ಇರಲಿ, ಅಘನಾಶಿನಿ ಹೊಳೆಯ ದಕ್ಷಿಣ ದಡದ ಕಾಗಾಲ ಇರಲಿ, ಯಾವ ತೀರಕ್ಕೆ ಏನೇ ಯೋಜನೆ ಮಾಡಿದರೂ ನಕ್ಷೆಯನ್ನು ಟೆಂಡರ್‌ಗೆ ಮುಂಚೆ ಆ ಊರಿನ ಗ್ರಾಮಸಭೆಯಲ್ಲಿ ಗೋಡೆಗೆ ಅಂಟಿಸಿ, ಕನ್ನಡದಲ್ಲಿ, ಕೊಂಕಣಿಯಲ್ಲೂ ವಿವರಿಸಿ. ಬಲೆ ಒಣಗಿಸುವ ಜಾಗ ಯಾವುದು, ದೋಣಿ ಎಳೆಯುವ ದಾರಿ ಯಾವುದು, ಆಮೆ ಎಲ್ಲಿ ಬರುತ್ತದೆ, ಸೆಳವು ಎಲ್ಲಿ ಅಂತ ಅವರು ಬೆರಳಿಟ್ಟು ತೋರಿಸುತ್ತಾರೆ. ಅದಕ್ಕೂ ಮೊದಲು, ಈ ಮೇ ರಜೆಯ ಜನ ಬರುವುದರೊಳಗೆ, ಮಾಜಾಳಿಯ ಕಾಲುದಾರಿ ಶುರುವಾಗುವಲ್ಲಿ ಸೆಳವಿನ ಚಿತ್ರ ಇರುವ ಒಂದು ಕನ್ನಡ ಫಲಕ ನಿಲ್ಲಿಸಿ, ಗುಡ್ಡದಾಚೆ ಇಬ್ಬರು ಜೀವರಕ್ಷಕರನ್ನು ಹಾಕಿ. ರಸ್ತೆಯ ಚರ್ಚೆ ಆಮೇಲೆ ಎಷ್ಟು ಬೇಕಾದರೂ ಮಾಡೋಣ, ನಾನೂ ಗ್ರಾಮಸಭೆಗೆ ಬರುತ್ತೇನೆ.

ಇಂತಿ,
ನಿಮ್ಮ ಓದುಗ,
ಹುಬ್ಬಳ್ಳಿ